ಸೀಟಿ ಹೊಡೆಯದ ಮೈಕ್ ಸೆಟ್

ಕಲಬುರಗಿಯ ಸೂಪರ್ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದ ದೇವೀಂದ್ರಪ್ಪನಿಗೆ ಒಂದು ವಿಷಯದಲ್ಲಿ ವಿಪರೀತ ಅಭಿಮಾನ. ಇಪ್ಪತ್ತೈದು ವರ್ಷಗಳಲ್ಲಿ ತನ್ನ ಸೆಟ್ ಒಮ್ಮೆಯೂ ಸೀಟಿ ಹೊಡೆದಿಲ್ಲ ಎಂದು ಅವನು ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ. ಮೈಕಿನ ಮುಂದೆ ಯಾರಾದರೂ ಮಾತಾಡುವಾಗ ನಡುವೆ ‘ಕುಂಯ್’ ಎಂದು ಕಿವಿ ಸೀಳುವ ಸದ್ದು ಬರುತ್ತದಲ್ಲ, ಅದೇ ಸೀಟಿ. ಮಂತ್ರಿಗಳ ಭಾಷಣದಲ್ಲಿ ಬಂದರೆ ಅದರಿಂದ ಜನಕ್ಕೆ ಉಪಕಾರವೇ. ಆದರೆ ಮದುವೆಯಲ್ಲಿ ಅಕ್ಷತೆ ಬೀಳುವ ಹೊತ್ತಿಗೆ ಬಂದರೆ ಮೈಕಿನವನ ಹೆಸರು ಮಣ್ಣುಪಾಲಾಗುತ್ತದೆ.

ಈಗ ಅವನ ಸಂಕಟ ಏನೆಂದರೆ, ನಾಲ್ಕು ವರ್ಷಗಳಿಂದ ಆ ಸೀಟಿ ಅವನ ಕಿವಿಗೇ ಬೀಳುತ್ತಿರಲಿಲ್ಲ. ಭೋಂಗಾಗಳ, ಅಂದರೆ ಕಹಳೆಯಂಥ ದೊಡ್ಡ ಸ್ಪೀಕರುಗಳ, ಬುಡದಲ್ಲಿ ಹರೆಯ ಕಳೆದವನ ಕಿವಿ ಚೂಪು ಸದ್ದುಗಳಿಗೆಲ್ಲ ಒಂದೊಂದಾಗಿ ರಜೆ ಕೊಟ್ಟಿತ್ತು. ಮೈಕಿನವನೇ ಕಿವುಡ ಎಂದು ಗೊತ್ತಾದರೆ ಕಣ್ಣಿಲ್ಲದ ಡ್ರೈವರನ ಬಸ್ಸಿಗೆ ಬರುವಷ್ಟೇ ಉತ್ಸಾಹದಿಂದ ಗಿರಾಕಿಗಳು ಬರುತ್ತಾರೆಂದು ಅವನಿಗೆ ಗೊತ್ತಿತ್ತು. ಹಾಗಾಗಿ ಈ ಸಂಗತಿ ಗೊತ್ತಿದ್ದದ್ದು ಅವನ ಹೆಂಡತಿ ಜಯದೇವಿಗೆ ಮಾತ್ರ.

ಗಂಡ ಹೆಂಡತಿ ಕೂಡಿ ಒಂದು ಉಪಾಯ ಕಂಡುಕೊಂಡಿದ್ದರು. ಎಲ್ಲಿ ಕಾರ್ಯಕ್ರಮವಿದ್ದರೂ ಜಯದೇವಿ ಜೊತೆಗೆ ಹೋಗಿ ಅವನ ಕಣ್ಣಿಗೆ ಕಾಣುವಂತೆ ಮುಂದೆ ಕೂರುವುದು. ಸೀಟಿ ಶುರುವಾದರೆ ತಲೆಯ ಮೇಲೆ ಸೆರಗು ಹೊದೆಯುವುದು. ಸೆರಗು ಮೇಲೇರಿದೊಡನೆ ಅವನು ದನಿ ಇಳಿಸುವುದು. ಹಿರಿಯರು ಎದುರಾದರೆ ತಲೆ ಮುಚ್ಚುವ ಪದ್ಧತಿ ಇರುವ ಊರಿನಲ್ಲಿ ಇದನ್ನು ಯಾರು ಅನುಮಾನಿಸಬೇಕು? ಗರತಿ ಹೆಂಗಸು ಎಂದು ಮೆಚ್ಚಿಕೊಂಡವರೇ ಹೆಚ್ಚು. ಕರೆಯದ ಮದುವೆಗೂ ಬಂದು ಉಂಡು ಹೋಗುತ್ತಾಳೆ ಎಂದು ಆಡಿಕೊಂಡವರೂ ಇದ್ದರು. ಆ ಮಾತನ್ನು ಅವಳು ಗಂಡನ ಸಲುವಾಗಿ ನುಂಗಿಕೊಂಡಿದ್ದಳು.

2004ರ ಮೇ ತಿಂಗಳಲ್ಲಿ ಕಮಲಾಪುರದ ಬಾಳೆತೋಟದ ಸಾಹುಕಾರ ದತ್ತಪ್ಪನಿಂದ ಕರೆ ಬಂತು. ಅವನ ಮಗ ಕಾಶಿರಾಯ ಕಲಬುರಗಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ, ಅಂದರೆ ಮೂರು ವರ್ಷಗಳಿಂದ ಎರಡನೇ ವರ್ಷದಲ್ಲಿದ್ದ. ಅಜ್ಜನ ಹೆಸರು ಭಾರವಾಗಿ ‘ಕಾಶ್’ ಎಂದು ಕರೆಸಿಕೊಳ್ಳುತ್ತಿದ್ದ ಈ ಹುಡುಗ ಗೆಳೆಯರನ್ನು ಕಟ್ಟಿಕೊಂಡು ಒಂದು ದಿನದ ಪಂಕ್ ಸಂಗೀತ ಉತ್ಸವ ಮಾಡಹೊರಟಿದ್ದ. ಊರೊಳಗೆ ಯಾರೂ ಮೈದಾನ ಕೊಡದ ಕಾರಣ, ಕಮಲಾಪುರದ ರಸ್ತೆಗೆ ಹತ್ತಿದ ಅಪ್ಪನ ತೊಗರಿ ಹೊಲವೇ ಗತಿಯಾಗಿತ್ತು.

“ಇದೊಂದು ಕೆಲಸ ನೆಟ್ಟಗಾದ್ರ ಮುಂದಿನ ಸೋಮವಾರ ನನ್ನ ಮಗಳ ಮದುವಿ ಮೈಕ್ ನಿಂದೇ,” ಎಂದ ದತ್ತಪ್ಪ. “ಇಲ್ಲಂದ್ರ ಹೈದರಾಬಾದಿಂದ ಸೌಂಡ್ ಬಾಕ್ಸ್ ತರಸ್ತೀನಿ ನೋಡು.”

ದೇವೀಂದ್ರಪ್ಪ ತಕ್ಷಣ ಒಪ್ಪಿಕೊಂಡ. ಆ ವರ್ಷ ದೊಡ್ಡ ಮದುವೆಗಳೆಲ್ಲ ಹೈದರಾಬಾದಿನವರ ಪಾಲಾಗಿದ್ದವು. ಇದೂ ಹೋದರೆ ಅಂಗಡಿಯ ಬಾಗಿಲು ಎಳೆಯುವುದೊಂದೇ ಬಾಕಿ.

ಉತ್ಸವದ ದಿನ ಹತ್ತು ಗಂಟೆಗೇ ಹೊಲ ಕಾದ ಹಂಚಾಗಿತ್ತು. ರೋಜಾ ಬಡಾವಣೆಯ ಫಕ್ರುದ್ದೀನ್ ತನ್ನ ಟೆಂಪೋದಲ್ಲಿ ಸಾಮಾನು ತಂದು ಇಳಿಸಿದ. ಇನ್ನೂರು ಹುಡುಗರು ಬಂದಿದ್ದರು. ಇದು ಸಿಟ್ಟಿನ ಸಂಗೀತ, ವ್ಯವಸ್ಥೆಯ ವಿರುದ್ಧ ನಮ್ಮ ಬಂಡಾಯ ಎಂದು ಕಾಶಿರಾಯ ವಿವರಿಸಿದ. ಬಂಡಾಯಗಾರರ ಹರಿದ ಪ್ಯಾಂಟುಗಳಿಗೆ ಸಾಲಾಗಿ ಸೇಫ್ಟಿ ಪಿನ್ನುಗಳು ಚುಚ್ಚಿಕೊಂಡಿದ್ದವು, ಎಲ್ಲವೂ ತಾಯಂದಿರ ಬಳೆಯಿಂದ ಕಳಚಿ ತಂದವು. ಒಬ್ಬನಂತೂ ಗಂಜಿ ಹಚ್ಚಿ ಕೂದಲನ್ನು ಹುಂಜದ ಜುಟ್ಟಿನ ಹಾಗೆ ನಿಲ್ಲಿಸಿಕೊಂಡಿದ್ದ. ಅದು ಬಿಸಿಲಿಗೆ ಒಣಗಿ ಹಪ್ಪಳದಂತೆ ಉದುರುತ್ತಿತ್ತು. ವ್ಯವಸ್ಥೆಯನ್ನು ಉರುಳಿಸುವ ಮುನ್ನ ಉಣ್ಣಲೆಂದು ದತ್ತಪ್ಪನ ಮನೆಯಿಂದ ಜೋಳದ ರೊಟ್ಟಿ, ಎಣ್ಣೆಗಾಯಿ ಬಂದು ಕಾಯುತ್ತಿದ್ದವು.

ಜಯದೇವಿ ಶಾಮಿಯಾನದ ಅಂಚಿನಲ್ಲಿ ಕೂತಳು. ಮೊದಲ ಹಾಡು ಶುರುವಾಯಿತು. ಗಿಟಾರು ಕೆಟ್ಟ ಗಿರಣಿಯಂತೆ ಗೊರಗೊರ ಎಂದಿತು, ಕಾಶಿರಾಯ ಅರಚಿದ. ಅರ್ಧ ನಿಮಿಷವೂ ಆಗಿರಲಿಲ್ಲ, ಜಯದೇವಿಯ ಸೆರಗು ತಲೆಗೇರಿತು. ದೇವೀಂದ್ರಪ್ಪ ಗುಂಡಿ ತಿರುಗಿಸಿ ದನಿ ಇಳಿಸಿದ. ಸೆರಗು ಇಳಿಯಲಿಲ್ಲ. ಇನ್ನಷ್ಟು ಇಳಿಸಿದ. ಆಗಲೂ ಅದು ಅಲ್ಲೇ ಇತ್ತು. ಇಷ್ಟು ಹಟಮಾರಿ ಸೀಟಿಯನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಮೂರನೇ ಹಾಡಿಗೆ ಬಂಡಾಯದ ದನಿ ದೇವರ ಮನೆಯ ಜಪಕ್ಕಿಂತ ಮೆತ್ತಗಾಗಿ, ಪಕ್ಕದ ಹೊಲದಲ್ಲಿ ಮೇಯುತ್ತಿದ್ದ ಎಮ್ಮೆಯ ಕೊರಳಗಂಟೆಯೇ ಮೇಲಾಗಿ ಕೇಳತೊಡಗಿತು.

ಕಾಶಿರಾಯ ವೇದಿಕೆಯಿಂದ ಜಿಗಿದು ಬಂದ. “ಕಾಕಾ, ಏನ್ ಮಾಡ್ಲಾಕತ್ತೀರಿ? ಒಂದಕ್ಷರ ಕೇಳವಲ್ದು.”

“ಸೀಟಿ ಹೊಡಿಲಾಕತ್ತಿತ್ತಪ್ಪ, ಅದಕ್ಕ…”

“ಎಲ್ಲಿ ಸೀಟಿ? ಒಂದ್ ಸಲನೂ ಹೊಡದಿಲ್ಲ. ಸೌಂಡ್ ಪೂರಾ ಬಿಡ್ರಿ.”

ದೇವೀಂದ್ರಪ್ಪ ಗಾಬರಿಯಿಂದ ಹೆಂಡತಿಯ ಕಡೆ ನೋಡಿದ. ಶಾಮಿಯಾನದ ನೆರಳು ಸರಿದು ಬಿಸಿಲು ನೇರ ಅವಳ ನೆತ್ತಿಗೆ ಬಂದಿತ್ತು. ಹೌದಲ್ಲ, ಬಿಸಿಲಿಗೆ ತಲೆ ಮುಚ್ಚಿಕೊಂಡಿದ್ದಾಳೆ. ಇಷ್ಟು ಬುದ್ಧಿ ತನಗೆ ಹೊಳೆಯಲಿಲ್ಲವಲ್ಲ ಎಂದು ತನ್ನನ್ನೇ ಬೈದುಕೊಂಡು ಗುಂಡಿಯನ್ನು ಕೊನೆತನಕ ತಿರುಗಿಸಿದ. ಆಮೇಲೆ ಅವಳು ಸೆರಗನ್ನು ಹಣೆತನಕ ಎಳೆದುಕೊಂಡರೂ ತಿರುಗಿ ನೋಡಲಿಲ್ಲ. ಹುಡುಗರು ಕೈ ಎತ್ತಿ ಕುಣಿದರು, ಒಬ್ಬರ ಮೇಲೊಬ್ಬರು ಬಿದ್ದರು, ಹುಂಜದ ಜುಟ್ಟಿನವನು ಆನಂದ ತಾಳದೆ ಮಣ್ಣಲ್ಲಿ ಹೊರಳಾಡಿದ. ತನ್ನ ಸೆಟ್ಟಿಗೆ ಇಂಥ ಮರ್ಯಾದೆ ಸಿಕ್ಕಿದ್ದು ದೇವೀಂದ್ರಪ್ಪ ಯಾವ ಮದುವೆಯಲ್ಲೂ ಕಂಡಿರಲಿಲ್ಲ. ಸಂಜೆಯತನಕ ಅವನು ಬೀಗುತ್ತ ಕೂತ.

ಕೊನೆಗೆ ಕಾಶಿರಾಯ ಬಂದು ಅವನ ಎರಡೂ ಕೈ ಹಿಡಿದುಕೊಂಡ. ಬಾಯನ್ನು ಕಿವಿಗೇ ಹಚ್ಚಿ ಕೂಗಿದ್ದರಿಂದ ಎಲ್ಲ ಕೇಳಿತು. “ಕಾಕಾ, ಆ ಸೀಟಿ ಇಡೀ ಹಾಡು ಹಿಡದ್ರಲ್ಲ, ಹೆಂಗ ಹಿಡದ್ರಿ? ದೊಡ್ಡ ದೊಡ್ಡ ಊರಾಗೂ ಹಿಂಗ ಯಾರೂ ಹೊಡಸಂಗಿಲ್ಲ.”

ದೇವೀಂದ್ರಪ್ಪನ ಮುಖದ ಬಣ್ಣ ಇಳಿಯಿತು. ಇಪ್ಪತ್ತೈದು ವರ್ಷಗಳ ಹೆಸರು ಇನ್ನೂರು ಜನರೆದುರು ಕುಂಯ್ಗುಟ್ಟಿದೆ, ತಾನು ಎದುರಿಗೇ ಕೂತು ತಲೆದೂಗಿದ್ದೇನೆ. “ಕೈಗುಣಪ್ಪ,” ಎಂದು ತೊದಲಿದ.

ಅಷ್ಟರಲ್ಲಿ ಕಿವಿಯಿಂದ ಹತ್ತಿಯುಂಡೆ ತೆಗೆಯುತ್ತ ದತ್ತಪ್ಪ ಬಂದ. “ಹುಡುಗ ಖುಷಿ ಆಗ್ಯಾನ, ಸಾಕು. ಮದುವಿ ಮೈಕ್ ನಿಂದೇ. ಆದ್ರ ಅಲ್ಲಿ ಈ ಸೀಟಿ ಕಲಾ ತೋರಸಬ್ಯಾಡ ಮಾರಾಯ,” ಎಂದ. ಬೇಕಾದದ್ದು ಹೀಗೆ ಕೈಗೆ ಬಂದಿತ್ತು. ಆದರೆ ದೇವೀಂದ್ರಪ್ಪನಿಗೆ ಅದನ್ನು ಹಿಡಿದುಕೊಳ್ಳಲು ನಾಚಿಕೆಯಾಯಿತು.

ಮರಳಿ ಬರುವಾಗ ಗಂಡ ಹೆಂಡತಿ ಟೆಂಪೋದ ಹಿಂದೆ ಭೋಂಗಾಗಳ ನಡುವೆ ಕೂತಿದ್ದರು. ಸೂಪರ್ ಮಾರ್ಕೆಟ್ ಮುಂದೆ ಆಟೋಗಳ ಗದ್ದಲದಲ್ಲಿ ಟೆಂಪೋ ನಿಂತುಬಿಟ್ಟಿತು. ದೇವೀಂದ್ರಪ್ಪ ದಾರಿಯುದ್ದಕ್ಕೂ ನುಂಗಿಕೊಂಡಿದ್ದ ಸಿಟ್ಟು ಅಲ್ಲಿ ಹೊರಗೆ ಬಂತು.

“ಬಿಸಿಲಿಗಿ ಸೆರಗು ಹೊದ್ಕೊಂಡು ನನ್ನ ಮರ್ಯಾದಿ ಕಳದಿ. ಸೀಟಿ ಬಂದಾಗ ಎದ್ದು ಕೈ ಮಾಡಲಾಕ ಏನಾಗಿತ್ತು?”

“ಬಿಸಿಲಿಗಲ್ರಿ.”

“ಏನು?”

ಜಯದೇವಿ ಅವನ ಕಿವಿಯತ್ತ ಬಾಗಿದಳು. “ಬಿಸಿಲಿಗಲ್ಲ ಅಂದೆ. ಹೋದ ದೀಪಾವಳಿಯಿಂದ ನಂಗೂ ಸೀಟಿ ಕೇಳಂಗಿಲ್ಲ. ನಿಮ್ಮ ಭೋಂಗಾದ ಮುಂದ ನಾಕು ವರ್ಷ ಕುಂತೀನಿ, ನನ್ನ ಕಿವಿ ಏನ್ ಕಬ್ಬಿಣದ್ದಾ? ಸೀಟಿ ಬಂದ್ರ ಮಂದಿ ಮುಖ ಹಿಂಡತಾರ. ಅದನ್ನ ನೋಡಿ ಸೆರಗು ಹೊದ್ಕೋತಿದ್ದೆ. ಇವತ್ತ ಮುಂಜಾನಿಂದ ಅಲ್ಲಿ ಯಾರದರ ಮುಖ ನೆಟ್ಟಗಿತ್ತೇನ್ರಿ?”

“ಅಂದ್ರ ನೀನೂ ಕಿವುಡಿ?”

“ಹೂಂರಿ. ನಿಮಗ ಹೇಳಿದ್ರ ಅಂಗಡಿ ಮುಚ್ಚತೀರಂತ ಹೇಳಲಿಲ್ಲ.”

ದಿನವಿಡೀ ಪಂಕ್ ಕೇಳಿದ ಕಿವಿಗಳು. ತಾವು ಪಿಸುಗುಡುತ್ತಿದ್ದೇವೆ ಎಂದೇ ಇಬ್ಬರೂ ಅಂದುಕೊಂಡಿದ್ದರು. ಬಟ್ಟೆ ಅಂಗಡಿಯವರು ಗಜಕಡ್ಡಿ ಹಿಡಿದು ಹೊರಗೆ ಬಂದರು. ಆಟೋದವರು ಹಾರ್ನ್ ಒತ್ತುವುದನ್ನು ನಿಲ್ಲಿಸಿದರು. ದೇವೀಂದ್ರಪ್ಪನ ಇಪ್ಪತ್ತೈದು ವರ್ಷಗಳಲ್ಲಿ ಇಷ್ಟು ಸ್ಪಷ್ಟವಾದ ಪ್ರಕಟಣೆ ಯಾವ ಸೆಟ್ಟಿನಿಂದಲೂ ಹೊರಟಿರಲಿಲ್ಲ.

ಫಕ್ರುದ್ದೀನ್ ಕ್ಯಾಬಿನ್ನಿಂದ ಇಳಿದು ಹಿಂದೆ ಬಂದ. “ದೇವೀಂದ್ರಣ್ಣ, ಜರಾ ಆಹಿಸ್ತಾ, ಮೆಲ್ಲಕ ಮಾತಾಡ್ರಿ. ಮಾರ್ಕೆಟ್ ಪೂರಾ ಕೇಳ್ಲಾಕತ್ತದ.”

ನಾಲ್ಕು ವರ್ಷಗಳಿಂದ ಇಂಥ ಹೊತ್ತಿನಲ್ಲಿ ದೇವೀಂದ್ರಪ್ಪ ಎಲ್ಲ ಕೇಳಿದವನಂತೆ ನಕ್ಕು ತಲೆ ಆಡಿಸಿಬಿಡುತ್ತಿದ್ದ. ಈ ಸಲ ಹೆಂಡತಿಯ ಮುಖ ನೋಡಿದ, ಸುತ್ತ ನಿಂತವರನ್ನು ನೋಡಿದ.

“ಜೋರಾಗಿ ಹೇಳೋ ಫಕ್ರುದ್ದೀನ್,” ಎಂದ. “ನಂಗ ಕೇಳಂಗಿಲ್ಲ.”