ಮೂರನೇ ವಾರ್ಡಿನ ಎರಡನೇ ಹಾಸಿಗೆ

ಆಸ್ಪತ್ರೆಯ ಕಂಪ್ಯೂಟರಿನಲ್ಲಿ ರೋಗಿಗಳ ದಾಖಲೆ ನೋಡಿಕೊಳ್ಳುವ ಅವಳನ್ನು ಎಲ್ಲರೂ ಕಂಪ್ಯೂಟರಕ್ಕ ಅಂತಲೇ ಕರೆಯುತ್ತಿದ್ದರು. ಹೆತ್ತವರಿಟ್ಟ ಹೆಸರು ಸಂಬಳದ ದಿನ ಮಾತ್ರ ಹೊರಗೆ ಬರುತ್ತಿತ್ತು. ಮಾತು ಖಡಕ್. ದೊಡ್ಡ ಡಾಕ್ಟರೇ ಬಂದು ನಿಂತರೂ, "ಅವಸರ ನಿಮ್ಮದು, ತಪ್ಪಾದ್ರೆ ತಲೆ ನನ್ನದು. ಸ್ವಲ್ಪ ಕೂತ್ಕೊಳ್ಳಿ," ಅನ್ನುವ ಹೆಂಗಸು. ಮನೆಯಲ್ಲಿ ಗಂಡ, "ನಿನ್ನ ಹತ್ರ ನಿಜ ಹೇಳೋಕೂ ಸಾಕ್ಷಿ ಕರ್ಕೊಂಡು ಬರಬೇಕು ಕಣೇ," ಎಂದು ಕಾಲೆಳೆಯುತ್ತಿದ್ದ.

ಅಂಥವಳೂ ಒಂದು ಬೆಳಗ್ಗೆ ಎಡವಿದಳು. ಇಬ್ಬರು ತೀರಿಕೊಂಡಿದ್ದರು: ಮೂರನೇ ವಾರ್ಡಿನ ಏಳನೇ ಹಾಸಿಗೆಯವನು, ಐದನೇ ವಾರ್ಡಿನ ಎರಡನೇ ಹಾಸಿಗೆಯವನು. ಮನೆಯವರಿಗೆ ಮೆಸೇಜ್ ಹೋಗಬೇಕು. ಆಸ್ಪತ್ರೆಯ ಆಡಳಿತಾಧಿಕಾರಿ ಬೆನ್ನ ಹಿಂದೆಯೇ ನಿಂತು "ಬೇಗ, ಬೇಗ" ಅನ್ನುತ್ತಿದ್ದರು. ಅವತ್ತು ಯಾಕೋ ಅವಳು "ಕೂತ್ಕೊಳ್ಳಿ" ಅನ್ನಲಿಲ್ಲ. ಯಾರ ಮನೆಯ ನಂಬರಿಗೆ ಮೆಸೇಜ್ ಹೋಗಬೇಕೆಂದು ಕಂಪ್ಯೂಟರಿಗೆ ಪ್ರಶ್ನೆ ಬರೆದಳು. ಆ ಪ್ರಶ್ನೆಯ ಹೊಟ್ಟೆಯೊಳಗೆ ಇನ್ನೊಂದು ಪ್ರಶ್ನೆ, ತೀರಿಕೊಂಡವರು ಯಾವ ವಾರ್ಡು, ಯಾವ ಹಾಸಿಗೆ ಎಂದು. ವಾರ್ಡು ಮತ್ತು ಹಾಸಿಗೆಯನ್ನು ಜೋಡಿಯಾಗಿಯೇ ಹೋಲಿಸಬೇಕಿತ್ತು. ಅವಳು ಬಿಡಿಬಿಡಿಯಾಗಿ ಕೇಳಿದಳು: ವಾರ್ಡು ಮೂರು, ಐದರ ಪೈಕಿಯೇ? ಹಾಸಿಗೆ ಏಳು, ಎರಡರ ಪೈಕಿಯೇ? ಯಂತ್ರಕ್ಕೇನು, ಕೇಳಿದ್ದಕ್ಕೆ ಉತ್ತರ. ಮೂರನೇ ವಾರ್ಡಿನ ಎರಡನೇ ಹಾಸಿಗೆಯಲ್ಲಿ ಹಾಲು ಕುಡಿಯುತ್ತ ಕೂತಿದ್ದವನೂ ಸತ್ತವರ ಸಾಲಿಗೆ ಸೇರಿಬಿಟ್ಟ; ಅವನ ಮನೆಯವರಿಗೂ ಮೆಸೇಜ್ ಹೋಯಿತು. ಐದನೇ ವಾರ್ಡಿನ ಏಳನೇ ಹಾಸಿಗೆ ಪುಣ್ಯಕ್ಕೆ ಖಾಲಿಯಿತ್ತು.

ನರ್ಸ್ ಫೋನ್ ಮಾಡಿ, "ಅಕ್ಕಾ, ಬದುಕಿರೋರನ್ನ ಯಾಕೆ ಸಾಯಿಸಿದ್ರಿ?" ಅಂದಳು. ಅಧಿಕಾರಿ, "ಇನ್ನೊಂದು ಮೆಸೇಜ್ ಕಳಿಸಿಬಿಡಿ, ಮುಗೀತು," ಅಂದರು. ಮುಗೀತಂತೆ! ಅವಳು ಎದ್ದು ಮೆಟ್ಟಿಲಿಳಿದಳು. ತನ್ನ ಕೈಯಿಂದ ಹೋದ ಸುಳ್ಳನ್ನು ಎದುರಿಗೆ ನಿಂತು ತಾನೇ ವಾಪಸ್ ತೆಗೆದುಕೊಳ್ಳಬೇಕು ಅನ್ನಿಸಿತ್ತು.

ಮೂರನೇ ವಾರ್ಡಿನ ಹೊರಗೆ, ಬೆಂಚಿನ ಮೇಲೆ ಇಬ್ಬರು ಹೆಂಗಸರು ತಬ್ಬಿಕೊಂಡು ಅಳುತ್ತಿದ್ದರು. ನಿನ್ನೆಯವರೆಗೆ ಒಬ್ಬರ ಮುಖ ಒಬ್ಬರು ನೋಡದವರು. ಒಂದೇ ಸುದ್ದಿ ಬಂದು ಹತ್ತಿರವಾಗಿದ್ದರು. ಎರಡನೇ ಹಾಸಿಗೆಯವನ ಹೆಂಡತಿ ಯಾರೆಂದು ಕೇಳಿ, ಕಂಪ್ಯೂಟರಕ್ಕ ಆಕೆಯ ಮುಂದೆ ಕುಕ್ಕರುಗಾಲಲ್ಲಿ ಕೂತಳು.

"ನಿಮ್ಮ ಯಜಮಾನ್ರು ಬದುಕಿದ್ದಾರೆ, ತಾಯಿ. ತಪ್ಪು ನನ್ನದು. ಒಳಗೆ ಹೋಗಿ ನೋಡಿ."

ಆಕೆ ಬೈಯಲೂ ಇಲ್ಲ. ಚಪ್ಪಲಿಯನ್ನೂ ಅಲ್ಲೇ ಬಿಟ್ಟು ಓಡಿದಳು.

ಬೆಂಚಿನಲ್ಲಿ ಉಳಿದವಳು ಏಳನೇ ಹಾಸಿಗೆಯವನ ಹೆಂಡತಿ. ಅಂಗೈಯಿಂದ ಗಡಿಬಿಡಿಯಲ್ಲಿ ಕಣ್ಣೊರೆಸಿಕೊಂಡಳು. ಮುಖದಲ್ಲಿ ಆಸೆ ಮೂಡಿತ್ತು.

"ನಂದೂ ತಪ್ಪಾಗೇ ಬಂದಿರೋ ಮೆಸೇಜಲ್ವಾ, ಅಕ್ಕಾ? ನಾನೂ ಹೋಗಬಹುದಾ?"

ಕಂಪ್ಯೂಟರಕ್ಕ ಹತ್ತಿರ ಸರಿದಳು. ಆಕೆಯ ಎರಡೂ ಕೈ ಹಿಡಿದುಕೊಂಡಳು.

"ಇಲ್ಲಮ್ಮಾ," ಅಂದಳು. "ನಿಮ್ಮದು ಸರಿಯಾಗೇ ಇದೆ."