ತಡೆದುಕೋ ಎಂದವರು

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾವು ಕಲ್ಕತ್ತೆಯ ಬಾಲಿಗಂಜಿನಲ್ಲಿ ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿದ್ದೆವು. ಅಪ್ಪ ಬ್ಯಾಂಕಿನಲ್ಲಿ ಅಧಿಕಾರಿ. ಉಡುಪಿಯ ಕಡೆಯಿಂದ ವರ್ಗವಾಗಿ ಬಂದವರು. ನನಗೆ ಒಂಬತ್ತು ತುಂಬಿದ ವರ್ಷ ಕಣ್ಣು ತಾನಾಗಿಯೇ ಪಟಪಟ ಮಿಟುಕತೊಡಗಿತು. ಕೆಲವು ತಿಂಗಳಲ್ಲಿ ಕತ್ತು ಎಡಕ್ಕೆ ಎಗರಲು ಶುರುವಾಯಿತು. ಆಮೇಲೆ ಗಂಟಲಿನಿಂದ ‘ಹುಕ್’ ಎಂಬ ಸದ್ದು.

“ಎಂತದು ಅದು? ನಿಲ್ಲಿಸು. ತಡ್ಕೊಳ್ಲಿಕ್ಕೆ ಆಗುದಿಲ್ವಾ?” ಎನ್ನುತ್ತಿದ್ದರು ಅಪ್ಪ.

ತಡೆದುಕೊಳ್ಳುತ್ತಿದ್ದೆ. ಅದೇ ನನಗೆ ಮುಳುವಾಯಿತು. ಹತ್ತು ನಿಮಿಷ ತಡೆಯಬಲ್ಲವಳು ಇಡೀ ದಿನ ಯಾಕೆ ತಡೆಯಬಾರದು ಎಂಬುದು ಅವರ ವಾದ. ತಡೆದಷ್ಟೂ ಒಳಗೆ ತುರಿಕೆಯಂಥದೊಂದು ಏರುತ್ತಿತ್ತು. ಕೊನೆಗೆ ಬಚ್ಚಲಿಗೆ ಓಡಿ, ಚಿಲಕ ಹಾಕಿಕೊಂಡು, ಸಾಕಾಗುವವರೆಗೆ ಕತ್ತು ಎಗರಿಸಿ ಬರುತ್ತಿದ್ದೆ. ಅಲ್ಲಿ ನಾನೇನು ಮಾಡುತ್ತೇನೆಂದು ಅವರು ಒಮ್ಮೆಯೂ ಕೇಳಲಿಲ್ಲ.

ಶಾಲೆಯಲ್ಲಿ ಟೀಚರು ನನ್ನನ್ನು ವರಾಂಡದಲ್ಲಿ ನಿಲ್ಲಿಸುತ್ತಿದ್ದರು. ಸಂಜೆ ಲೋಡ್‌ಶೆಡ್ಡಿಂಗ್ ಆಗಿ ಫ್ಯಾನು, ರೇಡಿಯೊ ಎಲ್ಲ ನಿಂತಾಗ ನನ್ನ ಸದ್ದು ಕಟ್ಟಡವಿಡೀ ಕೇಳುತ್ತಿತ್ತು. ಕೆಳಗಿನ ಮನೆಯ ಮಕ್ಕಳು ಕತ್ತಲಲ್ಲೇ ‘ಹುಕ್’ ಎಂದು ಉತ್ತರ ಕೊಡುತ್ತಿದ್ದರು. ಅವರ ತಾಯಿ ನಗುತ್ತಿದ್ದರು. ಆ ನಗುವಿನ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಹದಿಮೂರನೇ ವಯಸ್ಸಿನಲ್ಲಿ ಒಮ್ಮೆ ಅಪ್ಪನ ಜೊತೆ ಮಿನಿಬಸ್ಸಿನಲ್ಲಿ ಹೋಗುತ್ತಿದ್ದೆ. ಎದುರು ಕೂತಿದ್ದ ಗಂಡಸು ನಾನು ಅವನಿಗೆ ಕಣ್ಣು ಹೊಡೆಯುತ್ತಿದ್ದೇನೆಂದು ತಿಳಿದ. ಹುಡುಗಿಗೆ ಮನೆಯಲ್ಲಿ ಮರ್ಯಾದೆ ಕಲಿಸಿಲ್ಲವೇ ಎಂದು ಬಂಗಾಳಿಯಲ್ಲಿ ಗದರಿದ. ಅಪ್ಪ ಎದ್ದು ಅವನಿಗೆ ಕೈಮುಗಿದರು.

“ಮಾಫ್ ಕೀಜಿಯೇ. ಇಸ್ಕಾ ದಿಮಾಗ್ ಠೀಕ್ ನಹೀ.”

ನನ್ನ ತಲೆ ಸರಿಯಿಲ್ಲವೆಂದು ಹೀಗೆ ಕ್ಷಮೆ ಕೇಳಿ, ಆಮೇಲೆ ಎಲ್ಲರೆದುರು ನನ್ನ ಕೆನ್ನೆಗೆ ಹೊಡೆದರು. ಆ ಮನುಷ್ಯ ಸಮಾಧಾನವಾದವನಂತೆ ಕಿಟಕಿಯಾಚೆ ನೋಡತೊಡಗಿದ. ಇಬ್ಬರ ಮೇಲೂ ದ್ವೇಷ ಬಂತು, ಅಪ್ಪನ ಮೇಲೆ ಹೆಚ್ಚು.

ಕೆನ್ನೆಯ ಗುರುತು ನೋಡಿದ ಅಮ್ಮ ಮರುವಾರ ಹಟ ಹಿಡಿದು ಅಪ್ಪನನ್ನೂ ನನ್ನನ್ನೂ ನರರೋಗದ ಡಾಕ್ಟರ ಬಳಿಗೆ ಕರೆದುಕೊಂಡು ಹೋದಳು. ವಯಸ್ಸಾದ ಆ ಡಾಕ್ಟರು ಬಹಳ ಹೊತ್ತು ನನ್ನನ್ನು ಸುಮ್ಮನೆ ನೋಡಿದರು. ಇದಕ್ಕೆ ಟುರೆಟ್ ಸಿಂಡ್ರೋಮ್ ಅನ್ನುತ್ತಾರೆ, ಹುಚ್ಚಲ್ಲ, ತುಂಟತನವೂ ಅಲ್ಲ, ಸೀನಿನ ಹಾಗೆ, ಸ್ವಲ್ಪ ಹೊತ್ತು ತಡೆಯಬಹುದು ಅಷ್ಟೇ ಎಂದು ಹಿಂದಿಯಲ್ಲಿ ಹೇಳಿದರು. ಮನೆಯಲ್ಲಿ ಬೇರೆ ಯಾರಿಗಾದರೂ ಇತ್ತೇ ಎಂದು ಕೇಳಿದರು.

“ಇಲ್ಲ,” ಎಂದರು ಅಪ್ಪ.

“ನಿಮಗೇ ಇತ್ತಲ್ಲ,” ಎಂದಳು ಅಮ್ಮ, ಕನ್ನಡದಲ್ಲಿ. “ಸಣ್ಣದಿರುವಾಗ ಭುಜ ಹಾರ್ತಿತ್ತಂತೆ. ಮಾವ ಹೆಗಲಿನ ಬೈರಾಸಿನಲ್ಲಿ ಕೈ ಕಟ್ಟಿ ಹಾಕಿ ಹೊಡೀತಿದ್ರಂತೆ. ಅತ್ತೆ ಹೇಳಿದ್ದು ನನ್ನತ್ರ.”

“ಸುಮ್ನಿರು ನೀನು.”

ಅಮ್ಮ ಸುಮ್ಮನಿರಲಿಲ್ಲ. ತನಗೆ ಬಂದಷ್ಟು ಹಿಂದಿಯಲ್ಲಿ ಅದನ್ನೇ ಡಾಕ್ಟರಿಗೆ ಹೇಳಿದಳು. ಅಪ್ಪ ಎದ್ದು ಹೊರಗೆ ಹೋದರು.

ಆಮೇಲೆ ಅವರು ನನಗೆ ಹೊಡೆಯಲಿಲ್ಲ. ತಪ್ಪಾಯಿತು ಎನ್ನಲೂ ಇಲ್ಲ. ಅಮ್ಮನ ಜೊತೆ ಒಂದು ವಾರ ಮಾತು ಬಿಟ್ಟರು. “ಅವ್ರೂ ಪೆಟ್ಟು ತಿಂದವ್ರೇ ಅಲ್ವಾ?” ಎಂದು ಅಮ್ಮ ನನ್ನನ್ನು ಮೆತ್ತಗೆ ಮಾಡಲು ನೋಡಿದಳು.

“ಹಾಗಾದ್ರೆ ಅವ್ರಿಗೆ ಗೊತ್ತಿತ್ತಲ್ಲ ಅಮ್ಮ,” ಎಂದೆ.



ಮಾತ್ರೆ ನುಂಗಿದರೆ ಕ್ಲಾಸಿನಲ್ಲಿ ತೂಕಡಿಕೆ. ಡಾಕ್ಟರು ಪ್ರಮಾಣ ಇಳಿಸಿದರು. ಸದ್ದು ಕಡಿಮೆಯಾಯಿತು, ಕತ್ತು ಮಾತ್ರ ಹಾಗೇ ಉಳಿಯಿತು. ಕಾಲೇಜಿನ ಮೊದಲ ದಿನ ನಾನೇ ಎದ್ದು ನಿಂತು, ಇದು ಹೀಗೆ, ಅಂಟುರೋಗವಲ್ಲ, ನಗುವವರು ಇವತ್ತೇ ನಕ್ಕು ಮುಗಿಸಿ ಎಂದೆ. ಇಬ್ಬರು ನಕ್ಕರು. ಪಕ್ಕದಲ್ಲಿದ್ದವಳು ಎದ್ದು ಹಿಂದಿನ ಬೆಂಚಿಗೆ ಹೋದಳು. ಉಳಿದವರು ಪುಸ್ತಕ ತೆರೆದರು. ಖಾಲಿಯಾದ ಜಾಗದಲ್ಲಿ ನಾನು ಚೀಲ ಇಟ್ಟುಕೊಂಡು ಆರಾಮಾಗಿ ಕೂತೆ.