ಮಾಯ್ವೋರ್ ಕಾದು ನಿಂತ ದಿನ

ವಾಡ್‌ಸ್ಟೇನಾದ ಕೆಂಪು ಗೋಪುರದ ಗಡಿಯಾರ ಕೆಟ್ಟು ನಿಂತರೂ ಊರಿಗೇನೂ ಚಿಂತೆಯಿಲ್ಲ, ಮಾಯ್ವೋರ್ ಇದ್ದಾಳಲ್ಲ! ಬಸ್ಸಿನಲ್ಲಿ ಬಂದು ಒಂದೇ ದಿನದಲ್ಲಿ ಊರು ನೋಡಿ ಹೋಗುವವರನ್ನು ಸುತ್ತಾಡಿಸುವುದು ಅವಳ ಕೆಲಸ. ಹತ್ತಕ್ಕೆ ಹೊರಡುವುದೆಂದರೆ ಹತ್ತಕ್ಕೇ. ಷೂ ದಾರ ಕಟ್ಟುತ್ತಿದ್ದವರನ್ನೂ ಐಸ್‌ಕ್ರೀಮಿಗೆ ಸಾಲಿನಲ್ಲಿ ನಿಂತವರನ್ನೂ ಬಿಟ್ಟು ಹೊರಟೇಬಿಡುತ್ತಾಳೆ. ಒಮ್ಮೆ ಪಾದ್ರಿಯೊಬ್ಬರನ್ನೇ ಬಿಟ್ಟು ನಡೆದಿದ್ದಳು. ಪಾಪ, ಅವರು ಎದ್ದೆನೋ ಬಿದ್ದೆನೋ ಎಂದು ಬೀದಿಯುದ್ದಕ್ಕೂ ಓಡಿ ಬಂದದ್ದನ್ನು ಬೇಕರಿಯವರು ಈಗಲೂ ಹೇಳಿಕೊಂಡು ನಗುತ್ತಾರೆ.

ಹಾಗೆ ನೋಡಿದರೆ ಈ ಊರಿನ ನಾವೆಲ್ಲರೂ ಅದೇ ಜಾತಿ. ಊಟಕ್ಕೆ ಕರೆದ ಮನೆಗೆ ಬೇಗ ತಲುಪಿದರೆ ಬಾಗಿಲು ತಟ್ಟುವುದಿಲ್ಲ. ಹಿಮವೇ ಬೀಳುತ್ತಿರಲಿ, ಬೀದಿಯಲ್ಲಿ ಅಡ್ಡಾಡಿ, ಸರಿಯಾದ ಹೊತ್ತಿಗೇ ಗಂಟೆ ಒತ್ತುತ್ತೇವೆ. ಮಾಯ್ವೋರ್ ನಮಗಿಂತ ಒಂದು ಕೈ ಮೇಲು, ಅಷ್ಟೆ.

ಆದರೆ ಅವಳ ಜೊತೆ ಒಮ್ಮೆ ನಡೆದು ನೋಡಬೇಕು! ಶಾಲೆಯ ಅಡುಗೆಮನೆಯಲ್ಲಿ ಆಯುಷ್ಯವೆಲ್ಲ ಆಲೂಗಡ್ಡೆ ಬೇಯಿಸಿ ನಿವೃತ್ತಳಾದ ಹೆಂಗಸು. ಬಂದವರನ್ನು ಮೊದಲು ವೆಟ್ಟರ್ನ್ ಸರೋವರದ ದಂಡೆಗೆ ಕರೆದೊಯ್ದು, "ಬೊಗಸೇಲಿ ತಗೊಂಡು ಕುಡೀರಿ. ಆಮೇಲೆ ರಾಜರ ಕಥೆ," ಎನ್ನುತ್ತಾಳೆ. ಹಲ್ಲು ಜುಮ್ಮೆನ್ನುವ ಆ ನೀರು ಕುಡಿದವರ ಮುಖ ನೋಡುವುದೇ ಅವಳಿಗೆ ಹಬ್ಬ. ಮಳೆಯಿರಲಿ, ಗಾಳಿಯಿರಲಿ, ಇದೇ ಮೊದಲ ಸಲ ಊರಿನ ಅರಮನೆ ಕಂಡವಳಂತೆ ಅವಳ ಕಣ್ಣು ಅರಳುತ್ತದೆ. ಇಂಥವಳು ನಮ್ಮೂರಿಗೆ ಸಿಕ್ಕಿದ್ದು ನಮ್ಮ ಪುಣ್ಯ.

ಜೂನ್ ತಿಂಗಳ ಒಂದು ಬೆಳಿಗ್ಗೆ ಓರೆಬ್ರೋದಿಂದ ನಿವೃತ್ತರ ಸಂಘದ ಬಸ್ಸು ಬಂತು. ಮಾಯ್ವೋರ್ ಎಂದಿನಂತೆ ಬಾಗಿಲ ಬಳಿ ನಿಂತು ಒಬ್ಬೊಬ್ಬರ ಕೈ ಕುಲುಕುತ್ತಿದ್ದಳು. ಕೊನೆಗೆ ಇಳಿದದ್ದು ನೀಲಿ ಕೋಟಿನ ತೆಳ್ಳನೆಯ ಹೆಂಗಸು. ಟೀರಾ! ಮಾಯ್ವೋರಳ ಒಡಹುಟ್ಟಿದ ತಂಗಿ.

"ನಮಸ್ಕಾರ," ಎಂದಳು ಟೀರಾ, ಅಪರಿಚಿತರಿಗೆ ಹೇಳುವ ಹಾಗೆ.

"ನಮಸ್ಕಾರ. ಸ್ವಾಗತ," ಎಂದಳು ಮಾಯ್ವೋರ್.

ಓರೆಬ್ರೋ ಏನು ಆಚೆ ಲೋಕವೇ? ಬೆಳಿಗ್ಗೆ ಹೊರಟರೆ ಕಾಫಿ ಹೊತ್ತಿಗೆ ಬರಬಹುದು. ಆದರೂ ಅಮ್ಮ ಸತ್ತಾಗಿನಿಂದ ಟೀರಾ ಈ ಊರಿಗೆ ಕಾಲಿಟ್ಟಿರಲಿಲ್ಲ. ಅಮ್ಮನನ್ನು ಮಣ್ಣು ಮಾಡುವ ದಿನ ಹಿಮಕ್ಕೆ ಸಿಕ್ಕಿ ಅವಳ ರೈಲು ನಿಂತುಬಿಟ್ಟಿತ್ತು. ರೈಲಿನಿಂದಲೇ ಫೋನ್ ಮಾಡಿ, "ಸ್ವಲ್ಪ ಕಾಯಿ ಮಾಯ್ವೋರ್, ಬಂದ್‌ಬಿಡ್ತೀನಿ," ಎಂದು ಗೋಗರೆದಿದ್ದಳು. "ಹನ್ನೊಂದಕ್ಕೆ ಅಂತ ಪತ್ರಿಕೇಲಿ ಹಾಕಿದೀವಿ. ಜನ ಬಂದು ಕೂತಿದಾರೆ," ಎಂದಿದ್ದಳು ಮಾಯ್ವೋರ್. ಹನ್ನೊಂದಕ್ಕೆ ಸರಿಯಾಗಿ ಪ್ರಾರ್ಥನೆ ಶುರುವಾಯಿತು. ಟೀರಾ ಓಡಿ ಬರುವಾಗ ಅಮ್ಮ ಮಣ್ಣಿನೊಳಗಿದ್ದಳು. ಹಿಡಿದು ತಂದ ಹೂವನ್ನು ಮಣ್ಣಿನ ಮೇಲಿಟ್ಟು, ಸತ್ತವರ ಹೆಸರಿನಲ್ಲಿ ಎಲ್ಲರೂ ಕೂತು ಕುಡಿಯುವ ಕಾಫಿಯನ್ನೂ ಕುಡಿಯದೆ ತಿರುಗಿ ಹೋದಳು. ಅಂದಿನಿಂದ ಕ್ರಿಸ್‌ಮಸ್ಸಿಗೆ ಒಂದು ಕಾರ್ಡು ಬಿಟ್ಟರೆ ಇಬ್ಬರ ನಡುವೆ ಇನ್ನೇನೂ ಇಲ್ಲ. ತಪ್ಪು ತನ್ನದೆಂದು ಮಾಯ್ವೋರಳಿಗೆ ಗೊತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳುವುದು ಹೇಗೆಂದು ಮಾತ್ರ ಗೊತ್ತಿರಲಿಲ್ಲ. ಈಗ ಸಂಜೆ ಐದಕ್ಕೆ ಬಸ್ಸು ಹೊರಟರೆ ಮುಗಿಯಿತು, ಇನ್ನೊಂದು ಸಲ ಟೀರಾ ಬರುವುದಿಲ್ಲ.

ಮಾಯ್ವೋರ್ ಎಲ್ಲರನ್ನೂ ದಂಡೆಗೆ ಕರೆದೊಯ್ದಳು. ಎಲ್ಲರೂ ಹೋ ಎಂದು ಕೂಗಾಡುತ್ತ ನೀರು ಕುಡಿದರೆ ಟೀರಾ ಮಾತ್ರ ಬೆರಳದ್ದಿ ಸುಮ್ಮನೆ ನಿಂತಳು. ಲೇಸು ಹೆಣೆಯುವವರ ಅಂಗಡಿಯ ಮುಂದೆ ಮಾಯ್ವೋರ್ ದಿನದ ಪಾಠ ಬಿಟ್ಟು, "ನಮ್ಮಮ್ಮ ಈ ಕಿಟಕೀಲಿ ಕೂತು ಹೆಣೀತಿದ್ರು. ನಾವಿಬ್ರು ಹುಡುಗೀರು ಕೆಳಗೆ ಕೂತು ದಾರ ಗೋಜಲು ಮಾಡ್ತಿದ್ವಿ," ಎಂದುಬಿಟ್ಟಳು. ಟೀರಾ ಕೋಟಿನ ಗುಂಡಿ ಹಾಕಿಕೊಂಡು ಮುಂದೆ ನಡೆದಳು.

ಆಮೇಲೆ ನೀಲಿಗಲ್ಲಿನ ದೊಡ್ಡ ಚರ್ಚು. ಅಮ್ಮನಿಗೆ ವಿದಾಯ ಹೇಳಿದ್ದು ಅಲ್ಲೇ.

"ಒಂದು ಗಂಟೆಗೆ ಎಲ್ರೂ ಈ ಬಾಗಿಲ ಹತ್ರ ಇರ್ಬೇಕು. ಅರಮನೇಲಿ ನಮಗೆ ಅಂತ ಹೊತ್ತು ಗೊತ್ತುಮಾಡಿದಾರೆ. ತಪ್ಪಿದ್ರೆ ಒಳಗೆ ಬಿಡಲ್ಲ," ಎಂದಳು ಮಾಯ್ವೋರ್.

ಒಂದು ಹೊಡೆಯಿತು. ಎಲ್ಲರೂ ಹೊರಗೆ ಸೇರಿದ್ದರು, ಟೀರಾ ಒಬ್ಬಳನ್ನು ಬಿಟ್ಟು. ಬಾಗಿಲ ಸಂದಿಯಿಂದ ನೋಡಿದರೆ ಮುಂದಿನ ಬೆಂಚಿನಲ್ಲಿ ನೀಲಿ ಕೋಟು ಅಲುಗಾಡದೆ ಕೂತಿತ್ತು.

ಫೋಲ್ಕೆ ಎಂಬ ಮುದುಕ ಕೈಗಡಿಯಾರ ತಟ್ಟಿದ. "ಏನಮ್ಮಾ, ನೀವು ರಾಜ ಬಂದ್ರೂ ಕಾಯಲ್ಲ ಅಂತ ಬಸ್ಸಲ್ಲೆಲ್ಲ ಹೆದರ್ಸಿದ್ರು ನಮ್ಮನ್ನ. ಹೊರಡೋಣ್ವಾ?"

"ಒಬ್ರು ಬರ್ಬೇಕು."

"ಕರ್ಕೊಂಡು ಬರ್ಲಾ?"

"ಬೇಡ. ಅವಳಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕೂತ್ಕೊಳ್ಲಿ."

ಎದುರಿನ ಹೂವಿನಂಗಡಿಯವಳು ಹೊರಬಂದು ಮೂಗಿನ ಮೇಲೆ ಬೆರಳಿಟ್ಟು ನೋಡಿದಳು. ಮಾಯ್ವೋರಳ ಕಾಲುಗಳು ತಾವಾಗಿಯೇ ಮುಂದೆ ಹೋಗಲು ತವಕಿಸುತ್ತಿದ್ದವು. ಅಷ್ಟು ಜನರ ಹೊತ್ತನ್ನು ಹಾಳುಮಾಡುತ್ತಿದ್ದೇನೆಂಬ ನಾಚಿಕೆಗೆ ಕಿವಿ ಕೆಂಪಾಗಿತ್ತು. ಆದರೂ ಜಪ್ಪಯ್ಯ ಅಂದರೂ ಅವಳು ಅಲ್ಲಾಡಲಿಲ್ಲ. ಅರಮನೆಗೆ ಹೋಗುವ ಹೊತ್ತು ಮೀರಿತು. ಫೋಲ್ಕೆ ಗೊಣಗುವುದನ್ನು ಬಿಟ್ಟು ಮೆಟ್ಟಿಲ ಮೇಲೆ ಕೂತು ಸ್ಯಾಂಡ್‌ವಿಚ್ ಬಿಚ್ಚಿದ.

ಟೀರಾ ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದವಳು ಬಾಗಿಲಲ್ಲೇ ನಿಂತಳು.

"ಹೋಗಿಲ್ವಾ ನೀವು?"

"ನೀನು ಬಂದಿರ್ಲಿಲ್ವಲ್ಲ," ಎಂದಳು ಮಾಯ್ವೋರ್. "ಅವತ್ತೂ ಕಾಯ್ಬೇಕಿತ್ತು ಕಣೆ. ತಪ್ಪಾಯ್ತು."

ಟೀರಾ ಮೂಗು ಸೀಟಿಕೊಂಡು, "ನಿನ್ನ ಕಿವಿ ನೋಡು, ಬೀಟ್‌ರೂಟ್ ಆಗಿದೆ," ಎಂದಳು.

ಅರಮನೆಯನ್ನು ಎಲ್ಲರೂ ಹೊರಗಿನಿಂದಲೇ ನೋಡಿದರು. ಕಂದಕದ ನೀರಿನಲ್ಲಿ ಗೋಡೆ ತಲೆಕೆಳಗಾಗಿ ತೇಲುತ್ತಿತ್ತು. ಮಾಯ್ವೋರ್ ಅಂದು ಹೇಳಿದಷ್ಟು ಚೆನ್ನಾಗಿ ರಾಜರ ಕಥೆಯನ್ನು ಎಂದೂ ಹೇಳಿರಲಿಲ್ಲ. ದುಡ್ಡು ಕೊಟ್ಟು ಒಳಗೆ ಹೋಗಿದ್ದರೂ ಇಷ್ಟು ಕಾಣುತ್ತಿರಲಿಲ್ಲ ಎಂದು ಫೋಲ್ಕೆಯೇ ಒಪ್ಪಿಕೊಂಡ.

ಐದಕ್ಕೆ ಎಲ್ಲರೂ ಬಸ್ಸು ಹತ್ತಿದರು. ಟೀರಾ ತನ್ನ ಚೀಲ ಇಳಿಸಿಕೊಂಡು ಕೆಳಗೇ ನಿಂತಳು.

"ಏನ್ರೀ, ಬರಲ್ವಾ? ಬೇಕಾದ್ರೆ ಸ್ವಲ್ಪ ಕಾಯ್ತೀನಿ," ಎಂದ ಡ್ರೈವರ್.

"ಬೇಡಪ್ಪ, ನೀವು ಹೊತ್ತಿಗೆ ಸರಿಯಾಗಿ ಹೊರಡಿ, ಇಲ್ಲಾಂದ್ರೆ ನಮ್ಮಕ್ಕ ಬೈತಾಳೆ," ಎಂದಳು ಟೀರಾ. "ಅಮ್ಮನ ಕಾಫಿ ನಂದು ಬಾಕಿ ಇದೆ. ಕುಡಿದು ಬರ್ತೀನಿ."